ಮೂವರು ಬಸವಂತರಾಯರು

9 ಫೆಬ್ರವರಿ 1999, ಮಂಗಳವಾರ. ಬೆಳಿಗ್ಗೆ 5-10

ಗಂಟೆಯ ಸಪ್ಪಳಕ್ಕೆ ಎಚ್ಚರ. ಎಚ್ಚರ ಅಂದರೇನು, ಕಣ್ಣು ಹತ್ತಿದ್ದೇ ನಾಲ್ಕಕ್ಕೆ. ಮೊದಲು ಗುಡಿಯದು ಅಂದುಕೊಂಡೆ. ಅಲ್ಲ, ಕೈಗಂಟೆ. ನಮ್ಮ ಬಾಗಿಲ ಮುಂದೆಯೇ. ಆಮೇಲೆ ದನಿ — ಈ ಮನೆಯ ಹಿರಿಯರ ಹೆಸರುಗಳು, ಒಂದೊಂದಾಗಿ, ರಾಗದಲ್ಲಿ. ಹೆಳವ ಬಂದಿದ್ದಾನೆ. ಎತ್ತಿನ ಮೇಲೆ ಕುಳಿತು ಮನೆತನದ ವಂಶಾವಳಿ ಹೇಳುವವನು. ಮಟಕಿಯ ನಮ್ಮ ತವರಿಗೂ ಒಬ್ಬ ಬರುತ್ತಿದ್ದ, ನಾಲ್ಕೈದು ವರ್ಷಕ್ಕೊಮ್ಮೆ.

ಮಗ ಶಾಂತು ಏಳಲಿಲ್ಲ. ಅವನ ಕಾಲು ನೋಡಿದೆ. ದಿನಾ ಎದ್ದ ಕೂಡಲೇ ಅದೇ ಕೆಲಸ. ಎಡ ಮೊಣಕಾಲ ಕೆಳಗೆ ಹೊಸ ನೀಲಿ ಕಲೆ. ನಿನ್ನೆ ಇರಲಿಲ್ಲ. ಅಂಬೆಗಾಲಿಡುವ ಕೂಸು, ನೆಲ ತಾಗಿದ್ದಕ್ಕೇ ಕಲೆ.

ಅದೇ ದಿನ, ಮಧ್ಯಾಹ್ನ

ಹೆಳವನ ಹೆಸರು ಭಗವಂತ. ಅತ್ತೆ ಸೆರಗು ಹೊದ್ದು ಮುಂದೆ ಕುಳಿತರು. ಹನ್ನೊಂದು ತಲೆಮಾರು ಹೇಳಿದ, ಪುಸ್ತಕ ತೆಗೆಯದೆ. ಆಮೇಲೆ ಪುಸ್ತಕ ತೆಗೆದು ಇವರ ಹೆಸರಿನ ಕೆಳಗೆ — ದೌಲತರಾಯ — ನಮ್ಮ ಕೂಸಿನ ಹೆಸರು ಬರೆದ. ಶಾಂತಲಿಂಗಪ್ಪ. ಒಂಬತ್ತು ತಿಂಗಳ ಹುಡುಗ ಹನ್ನೆರಡನೇ ತಲೆಮಾರಾದ. ಅತ್ತೆಯ ಕಣ್ಣಲ್ಲಿ ನೀರು.

ನನ್ನ ಹೆಸರು ಎಲ್ಲಿ ಅಂದೆ. ನಕ್ಕ. ಮಟಕಿ ಮನಿ ಮಗಳು ಅಂತ ಬರೆದೀನ್ರಿ ಅಂದ. ನನ್ನ ತಾಯಿ? ಅವರು ಮಟಕಿ ಪುಸ್ತಕದಲ್ಲಿ. ತಾಯಿಯ ತಾಯಿ? ಅವರು ಕರಜಗಿ ಪುಸ್ತಕದಲ್ಲಿ, ಅದು ತನ್ನ ಹೆಂಡತಿಯ ಅಣ್ಣನ ಹತ್ತಿರ ಇದೆ.

"ಗಂಡಸರು ಹಾಳಿ ಬದಲು ಮಾಡ್ತಾರ್ರಿ ತಾಯಿ, ಹೆಣ್ಮಕ್ಕಳು ಪುಸ್ತಕನ ಬದಲು ಮಾಡ್ತಾರ."

ಅವನಿಗೆ ಅದು ತಮಾಷೆ.

ಅತ್ತೆ ಜೋಳ ತರಲು ಒಳಗೆ ಹೋದಾಗ, ಕರಜಗಿಯ ಹಾಳೆ ನಕಲು ಮಾಡಿಕೊಂಡು ಬರುತ್ತೀಯಾ ಎಂದು ಕೇಳಿದೆ. ಯಾಕೆ ಅಂತ ಕೇಳಲಿಲ್ಲ, ಹೂಂ ಅಂದ. ಒಳ್ಳೆಯವನು.

ಯಾಕೆ ಅಂತ ಇಲ್ಲಿಯಾದರೂ ಬರೆದಿಡಬೇಕು. ಜನವರಿಯಲ್ಲಿ ಇಂಜೆಕ್ಷನ್ ಕೊಡಿಸಿದಾಗ ಶಾಂತುವಿನ ತೊಡೆ ಊದಿತು, ಬದನೆಕಾಯಿ ಬಣ್ಣಕ್ಕೆ ತಿರುಗಿತು, ಆರು ದಿನ. ಗುಲಬರ್ಗಾಕ್ಕೆ ಒಯ್ದೆವು. ಡಾಕ್ಟರ್ ನನ್ನ ಕಡೆಗೇ ತಿರುಗಿ ಕೇಳಿದರು — ನಿಮ್ಮ ತಾಯಿಯ ಕಡೆ ಗಂಡುಮಕ್ಕಳಿಗೆ ರಕ್ತ ನಿಲ್ಲದ ರೋಗ ಇತ್ತೇ? ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಮಟಕಿಯಲ್ಲಿ ನಾವು ಇಬ್ಬರೂ ಹೆಣ್ಣು.

ಬೆರಳು ಚುಚ್ಚಿ ಒಂದು ಟೆಸ್ಟ್ ಮಾಡಿದರು. ನಾರ್ಮಲ್. ಈ ರೋಗ ಇದ್ದರೂ ಈ ಟೆಸ್ಟ್ ನಾರ್ಮಲ್ಲೇ ಬರುತ್ತದೆ, ಇನ್ನೊಂದನ್ನು ಸೊಲ್ಲಾಪುರದಲ್ಲಿ ಮಾಡಿಸಬೇಕು ಅಂದರು ಡಾಕ್ಟರ್. ಮನೆಯವರು ಮೊದಲ ಅರ್ಧ ಮಾತ್ರ ಕೇಳಿಸಿಕೊಂಡು ಬಂದರು. "ನಾರ್ಮಲ್" ಅನ್ನುವುದು ಈ ಮನೆಯಲ್ಲಿ ಈಗ ಮಂತ್ರ. ಸೊಲ್ಲಾಪುರದ ಮಾತು ಎತ್ತಿದರೂ ಅದೇ ಉತ್ತರ.

ಬಿ.ಎಸ್ಸಿ.ಯಲ್ಲಿ ಈ ರೋಗದ ಚಾರ್ಟ್ ಬರೆದಿದ್ದೇನೆ. ಗಂಡು ಚೌಕ, ಹೆಣ್ಣು ವೃತ್ತ. ತಾಯಿಗೆ ಏನೂ ಆಗುವುದಿಲ್ಲ, ಅವಳಿಂದ ಮಗನಿಗೆ. ಹೆಳವನ ಪುಸ್ತಕದಲ್ಲಿ ಬರೀ ಚೌಕ.

13 ಫೆಬ್ರವರಿ, ಶನಿವಾರ

ಶಮಶಾದ ಬಂದಿದ್ದಳು. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಬೆಂಚು. ಈಗ ಗುಲಬರ್ಗಾದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಾಳೆ. ಅವಳ ತಾಯಿ ಹಜರಾಬಿ ನಮ್ಮ ಹಿಂದಿನ ಓಣಿ, ಹಾಗಾಗಿ ಶನಿವಾರಕ್ಕೊಮ್ಮೆ ಜೇವರ್ಗಿಗೆ ಬರುತ್ತಾಳೆ.

ಸೆಂಟರಿಗೆ ಇಂಟರ್ನೆಟ್ ಬಂದಿದೆಯಂತೆ. ಮನೆತನ ಹುಡುಕುವವರದೇ ಒಂದು ಗುಂಪು ಇದೆ, ಒಬ್ಬರು ಬರೆದದ್ದು ಎಲ್ಲರಿಗೂ ಹೋಗುತ್ತದೆ. ಹೆಚ್ಚಿನವರು ಲಂಡನ್ನು, ಸಿಡ್ನಿ. ನಮ್ಮ ಸೀಮೆಯವರೂ ಹತ್ತಿಪ್ಪತ್ತು ಜನ. ನೀ ಬರೆದು ಕೊಡು, ನಾ ಟೈಪ್ ಹೊಡೆದು ಕಳಿಸ್ತೇನಿ ಅಂದಳು. ಅಲ್ಲಿ ಯಾರಿಗೂ ನೀನು ಯಾರ ಸೊಸೆ ಅಂತ ಗೊತ್ತಾಗುವುದಿಲ್ಲ.

ಅದೇ ಮಾತು ಮನಸ್ಸಿಗೆ ಹಿಡಿಸಿತು. ಇಂಗ್ಲಿಷಿನಲ್ಲಿ ಆರು ಸಾಲು ಬರೆದೆ. ಅಫಜಲಪುರ ತಾಲೂಕು ಕರಜಗಿ, ನನ್ನ ಅಜ್ಜಿ ಗೌರಾಬಾಯಿ, ಅವಳ ಗಂಡುಮಕ್ಕಳು, ಅವಳ ಒಡಹುಟ್ಟಿದವರು — ಯಾರಿಗಾದರೂ ಗೊತ್ತೇ?

ಅಜ್ಜಿ ನಾನು ಹುಟ್ಟುವ ಮೊದಲೇ ಹೋದವಳು. ಹೆಸರು ಬಿಟ್ಟರೆ ನನಗೇನೂ ಗೊತ್ತಿಲ್ಲ ಅಂತ ಬರೆಯುವಾಗಲೇ ಗೊತ್ತಾಯಿತು.

27 ಫೆಬ್ರವರಿ, ಶನಿವಾರ

ಮೂರು ಉತ್ತರ. ಶಮಶಾದ ಪ್ರಿಂಟ್ ತಂದಳು, ಅಂಚಿಗೆ ತೂತಿನ ಸಾಲಿರುವ ಉದ್ದನೆಯ ಕಾಗದ. ಶಾಂತು ಅದನ್ನೇ ಹರಿದು ಬಾಯಿಗಿಟ್ಟುಕೊಂಡ.

ಸಿಡ್ನಿಯ ಒಬ್ಬಾತನ ಮುತ್ತಜ್ಜ ಶಹಾಬಾದಿನಲ್ಲಿ ರೈಲ್ವೆ ಕೆಲಸದಲ್ಲಿದ್ದನಂತೆ. ಗೋರಿ ಸಿಕ್ಕರೆ ಒಂದು ಫೋಟೋ ಕಳಿಸಿ ಅಂತ ನನಗೇ ಕೆಲಸ ಹಚ್ಚಿದ್ದಾನೆ. ಪುಣೆಯ ಒಬ್ಬರು ಅಡ್ಡಹೆಸರು ಕೊಡಿ, ಬರೀ ಗೌರಾಬಾಯಿ ಅಂದರೆ ಹೇಗೆ ಹುಡುಕುವುದು ಅಂದಿದ್ದಾರೆ. ಹೌದು, ಹೇಗೆ.

ಮೂರನೆಯವರು ಹೈದರಾಬಾದಿನ ಫಕ್ರುನ್ನಿಸಾ ಮೇಡಂ, ರಿಟೈರ್ಡ್ ಟೀಚರ್. ಅವರ ಮನೆತನ ನಲವತ್ತೆಂಟರಲ್ಲಿ ಆಳಂದ ಬಿಟ್ಟು ಹೋದದ್ದು. ಹತ್ತು ವರ್ಷದಿಂದ ತಮ್ಮವರನ್ನು ಹುಡುಕುತ್ತಿದ್ದಾರಂತೆ. ಸಿಕ್ಕಿದ್ದನ್ನು ನೀವೇ ಅರ್ಥ ಮಾಡಲು ಹೋಗಬೇಡಿ, ಮೊದಲು ಇದ್ದದ್ದು ಇದ್ದ ಹಾಗೆ ಎಲ್ಲರ ಮುಂದೆ ಇಡಿ ಎಂದು ಬರೆದಿದ್ದಾರೆ.

ಅತ್ತೆ ದಿನ ಗೊತ್ತು ಮಾಡಿಸಿದ್ದಾರೆ. ಏಪ್ರಿಲ್ 18, ಬಸವ ಜಯಂತಿ. ಶಾಂತುವಿಗೆ ಜವಳ, ಮೊದಲ ಕೂದಲು ತೆಗೆಸುವುದು, ಅದೇ ದಿನ ಕಿವಿ ಚುಚ್ಚುವುದು.

6 ಮಾರ್ಚ್, ಶನಿವಾರ

ಭಗವಂತ ಮಾತು ಉಳಿಸಿಕೊಂಡ. ಕರಜಗಿಯ ನಕಲು ತಂದ, ಹುಣಸೆಹಣ್ಣಿನ ಕಲೆಯಾದ ನೋಟ್‌ಬುಕ್ಕಿನ ಹಾಳೆ. ಅವರು ಬಂದಾಗಲೆಲ್ಲ ಮನೆಯಲ್ಲಿ ಯಾರಿದ್ದಾರೋ ಬರೆದುಕೊಂಡು ಹೋಗುವುದು ಪದ್ಧತಿ. ಈಶ್ವರ ಸಂವತ್ಸರ — ಗೌರಾಬಾಯಿ ಹೊಟ್ಟೆಯಲ್ಲಿ ಹುಟ್ಟಿದ ಬಸವಂತರಾಯ, ತೊಟ್ಟಿಲಲ್ಲಿ. ಚಿತ್ರಭಾನು ಸಂವತ್ಸರ — ಬಸವಂತರಾಯ, ತೊಟ್ಟಿಲಲ್ಲಿ. ಸರ್ವಜಿತು ಸಂವತ್ಸರ — ಬಸವಂತರಾಯ, ತೊಟ್ಟಿಲಲ್ಲಿ. ಅಷ್ಟೇ.

ಪಂಚಾಂಗ ಹಿಡಿದು ಲೆಕ್ಕ ಹಾಕಿದೆ. 1937, 1942, 1947. ಸರ್ವಜಿತುವಿನದು ಸರಿ, ಬಸವಂತ ಮಾಮಾ, ನನ್ನ ಅವ್ವನ ತಮ್ಮ, ಈಗ ಐವತ್ತೆರಡರವರು. ಉಳಿದವು ತಪ್ಪು. ಭಗವಂತನೂ ಅದೇ ಅಂದ — "ನಮ್ಮ ಮಾಂವ ಬರ್ಯಾಂವ್ರಿ ಆಗ. ಸಂಜಿ ಆದ್ರ ಅವಗ ಸಂವತ್ಸರ ಒಂದಕ್ಕೊಂದು ಕಲಸ್ತಿದ್ವು."

ಅಂದರೆ ಒಬ್ಬನೇ ಮಗ, ಮಾಮಾ. ಗಟ್ಟಿ ಆಳು, ಎರಡೂ ಕಿವಿಯಲ್ಲಿ ಬಂಗಾರದ ಕಡಕು. ಸತ್ತವರು ಯಾರೂ ಇಲ್ಲ. ನನ್ನ ಕಡೆ ಏನೂ ಇಲ್ಲ!

ಆದರೂ ಮೇಡಂ ಹೇಳಿದ ಹಾಗೆ ಇದ್ದದ್ದು ಇದ್ದಂತೆ ಬರೆದು ಶಮಶಾದಳಿಗೆ ಕೊಟ್ಟೆ. ರಾತ್ರಿ ಐದು ತಾಸು ನಿದ್ದೆ ಮಾಡಿದೆ. ಹೆರಿಗೆಯಾದ ಮೇಲೆ ಇದೇ ಮೊದಲು.

20 ಮಾರ್ಚ್, ಶನಿವಾರ

ಎರಡು ವಾರ ಬರೆದಿಲ್ಲ. ಬರೆಯಬೇಕು ಅನ್ನಿಸಲಿಲ್ಲ. ಯುಗಾದಿಗೆ ಹೋಳಿಗೆ ಮಾಡಿದೆ, ಹಾಡಿಕೊಂಡು ಮಾಡಿದೆ, ಇವರು ಕೂಡ ಕೇಳಿದರು ಏನು ವಿಶೇಷ ಅಂತ. ಕಿವಿ ಚುಚ್ಚಿಸಲಿ ಅಂತ ನಾನೇ ಅತ್ತೆಗೆ ಅಂದೆ. ನಾನೇ.

ಇವತ್ತು ಫಕ್ರುನ್ನಿಸಾ ಮೇಡಂ ಉತ್ತರ. ನಾಲ್ಕೇ ಸಾಲು. ಯಾವ ಮಗುವೂ ಹತ್ತು ವರ್ಷ ತೊಟ್ಟಿಲಲ್ಲಿ ಇರುವುದಿಲ್ಲ ಮಗಳೇ. ನಮ್ಮ ಆಳಂದದ ಓಣಿಯಲ್ಲಿ ಸತ್ತ ಕೂಸಿನ ಹೆಸರನ್ನೇ ಮುಂದಿನ ಕೂಸಿಗೆ ಇಡುತ್ತಿದ್ದರು, ಹಿಂದೂ ಮುಸ್ಲಿಮ್ ಎಲ್ಲರೂ. ಬರೆದವನು ಸರಿಯಾಗಿಯೇ ಬರೆದಿದ್ದಾನೆ. ಹೆಸರು ಎಣಿಸಬೇಡಿ, ತೊಟ್ಟಿಲು ಎಣಿಸಿ.

ಮೂರು ತೊಟ್ಟಿಲು. ಮಾಮಾ ಮೂರನೆಯವರು.

ಬಿ.ಎಸ್ಸಿ. ಫಸ್ಟ್ ಕ್ಲಾಸ್ ನಾನು. ನನ್ನದೇ ಮನೆತನದಲ್ಲಿ ಇಬ್ಬರು ಹುಡುಗರು ಸತ್ತದ್ದನ್ನು ಸ್ಪೆಲಿಂಗ್ ಮಿಸ್ಟೇಕ್ ಅಂದುಕೊಂಡು ಹೋಳಿಗೆ ತಟ್ಟಿದೆ.

24 ಮಾರ್ಚ್, ಬುಧವಾರ. ಮಟಕಿ

ಕೂಸನ್ನು ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಬಂದೆ. ಅವ್ವ ಹಪ್ಪಳ ಒಣ ಹಾಕುತ್ತಿದ್ದಳು. ತಂಗಿಯ ಮದುವೆ ಮೇ 9ಕ್ಕೆ, ಆಳಂದದ ವ್ಯಾಪಾರಸ್ಥರ ಮನೆಗೆ. ಅಂಗಳದ ತುಂಬ ಹಪ್ಪಳ, ಕಾಲಿಡಲು ಜಾಗವಿಲ್ಲ.

ಮಾಮಾನ ಮೊದಲು ಇಬ್ಬರು ಬಸವಂತರಾಯರು ಇದ್ದರಲ್ಲ, ಹೇಗೆ ಹೋದರು ಅಂದೆ. ಸಿಡುಬು ಅಂದಳು. ಇಬ್ಬರಿಗೂ? ಇಬ್ಬರಿಗೂ. ಯಾವ ವರ್ಷ? ನೆನಪಿಲ್ಲ. ಶಾಂತುವಿನ ಕಾಲಿನ ಕಲೆ ತೋರಿಸಿದೆ. ನೋಡಲಿಲ್ಲ. ಮುಖ ತಿರುಗಿಸಿದಳು. ಗೊತ್ತಿರುವವರು ಮಾತ್ರ ಹಾಗೆ ಮುಖ ತಿರುಗಿಸುತ್ತಾರೆ.

ಜೇವರ್ಗಿಗೆ ಬಂದು ಅತ್ತೆಯ ಮುಂದೆ ಒಂದು ಮಾತು ಹೇಳು, ಸಾಕು ಅಂದೆ. ಆಗ ದನಿ ಏರಿತು.

"ಸಾಬವ್ವ ಚಿಗವ್ವ ಸೊಲ್ಲಾಪುರದಾಗ ಬಾಯಿ ಬಿಟ್ಟಳು. ಏನಾತು? ಆಕಿ ಕಡೀ ಎರಡು ಹೆಣ್ಮಕ್ಕಳು ಮದುವಿ ಇಲ್ಲದ ಮನ್ಯಾಗೇ ಉಳದ್ವು. ನಿನ್ನ ದಾಟಿಸೀನಿ ಬೇ. ನಿನ್ನ ತಂಗಿ ಇನ್ನಾ ಹೊಳಿ ನಡುವ ಅದಾಳ. ದಂಡಿ ಮ್ಯಾಲ ನಿಂತು ಕಲ್ಲು ಒಗೀಬ್ಯಾಡ."

ನನ್ನ ಮಗ?

"ನಿನ್ನ ಮಗಗ ಏನೂ ಆಗಂಗಿಲ್ಲ. ಎಲ್ಲರಿಗೂ ಆಗಂಗಿಲ್ಲ ಅದು."

ಅದು. ಸಿಡುಬನ್ನು ಯಾರೂ "ಅದು" ಅನ್ನುವುದಿಲ್ಲ.

ಸಂಜೆಯ ಬಸ್ಸಿಗೆ ಹತ್ತಿಸಿದಳು. ಮಡಿಲಿಗೆ ಹಪ್ಪಳ ಕಟ್ಟಿ ಕೊಟ್ಟಳು.

27 ಮಾರ್ಚ್, ಶನಿವಾರ

ಗುಂಪಿಗೆ ಎರಡನೇ ಪತ್ರ. ಸಾಬವ್ವ, ಕರಜಗಿಯ ಗೌರಾಬಾಯಿಯ ತಂಗಿ, ಸೊಲ್ಲಾಪುರಕ್ಕೆ ಕೊಟ್ಟವರು. ಅವರ ಹೆಣ್ಣುಮಕ್ಕಳ ಮಕ್ಕಳು ಯಾರಾದರೂ? ಈ ಸಲ ರೋಗದ ಹೆಸರನ್ನೂ ಬರೆದೆ. ಬರೆದು, ಹೊಡೆದು ಹಾಕಿ, ಮತ್ತೆ ಬರೆದೆ. ತಂಗಿಯ ಮುಖ ಕಣ್ಣ ಮುಂದೆ.

ಮಾಮಾನಿಗೂ ಕಾಗದ ಹಾಕಿದೆ, ಕರಜಗಿಗೆ.

3 ಏಪ್ರಿಲ್, ಶನಿವಾರ

ನಿನ್ನೆ ರೊಟ್ಟಿಯ ಅಂಚು ಚುಚ್ಚಿ ಶಾಂತುವಿನ ವಸಡಿನಲ್ಲಿ ರಕ್ತ. ಮಧ್ಯಾಹ್ನ ಎರಡಕ್ಕೆ ಶುರು. ಸುರಿಯುವುದಿಲ್ಲ, ಜಿನುಗುತ್ತದೆ. ಒರೆಸಿದರೆ ಮತ್ತೆ. ಏಳು ಲಂಗೋಟಿ ಕೆಂಪಾದವು. ಅತ್ತೆ ಅರಿಶಿನ ಒತ್ತಿ ಹಿಡಿದು ಕುಳಿತೇ ಇದ್ದರು, ಒಂದು ಗುಟುಕು ನೀರು ಕುಡಿಯಲಿಲ್ಲ. ಇವತ್ತು ಬೆಳಿಗ್ಗೆ ನಿಂತಿತು. ಆಗ ನನಗೆ ಬೈದರು. ನಿನ್ನ ಉಗುರು ತಾಗಿರಬೇಕು, ಓದಿದವರ ಉಗುರು ಉದ್ದ.

ಇವರು ಹಲ್ಲು ಬರುವಾಗ ಎಲ್ಲರಿಗೂ ಹೀಗೇ ಅಂದು ಆಫೀಸಿಗೆ ಹೋದರು.

ಅತ್ತೆಯ ಎದುರು ಕುಳಿತು ಎಲ್ಲ ಹೇಳಿದೆ. ಡಾಕ್ಟರ್ ಪೂರ್ತಿ ಏನಂದರು, ಮೂರು ತೊಟ್ಟಿಲು, ಅವ್ವ ಬಾಯಿ ಬಿಡದೇ ಇದ್ದದ್ದು. ಕೇಳಿದರು. ನನ್ನ ಅತ್ತೆ ಸುಭದ್ರಾಬಾಯಿ ಕೆಟ್ಟವರಲ್ಲ, ಅದು ಇನ್ನೂ ಕಷ್ಟ. ಅವರ ಚೊಚ್ಚಲ ಗಂಡುಕೂಸು ಹನ್ನೊಂದು ತಿಂಗಳಿಗೆ ಜ್ವರದಲ್ಲಿ ಹೋಯಿತು, ಕಿವಿ ಚುಚ್ಚದೆ. ಅದಕ್ಕೇ ಹೋಯಿತು ಅಂತ ಅವರ ನಂಬಿಕೆ. ಅವತ್ತು ಹರಕೆ ಹೊತ್ತಿದ್ದಾರೆ, ಈ ಮನೆಯ ಯಾವ ಕೂಸೂ ಕಿವಿ ಚುಚ್ಚದೆ ವರ್ಷ ದಾಟಬಾರದು. ಶಾಂತುವಿಗೆ ಏಪ್ರಿಲ್ 25ಕ್ಕೆ ವರ್ಷ.

"ನಿನ್ನ ತಾಯಿನೇ ಇಲ್ಲ ಅಂತಾಳ. ನೀ ಹೌದು ಅಂತಿ. ನಾ ಯಾರ ಮಾತು ಕೇಳ್ಲಿ? ನಿನ್ನ ರಕ್ತಸಂಬಂಧದೋರು ಒಬ್ಬರು, ಒಬ್ಬರ ಒಬ್ಬರು, ನನ್ನ ಮುಂದ ಬಾಯಿಲೆ ಹೇಳ್ಲಿ. ಹರಕಿ ನಾ ನನ್ನ ತಲಿ ಮ್ಯಾಲ ಹೊತಗೊಂತೇನಿ. ಸೂಜಿ ಬ್ಯಾಡ ಅಂತೇನಿ."

ಇವರೂ ಅದಕ್ಕೆ ಒಪ್ಪಿದರು. ತಮ್ಮ ಅವ್ವ ಬೇಡ ಅಂದರೆ ಬೇಡ.

ಒಬ್ಬರು. ಹನ್ನೆರಡು ತಲೆಮಾರಿನ ಹೆಸರು ಗೊತ್ತಿರುವ ಮನೆಯಲ್ಲಿ ನನಗೆ ಬೇಕಾದದ್ದು ಒಂದು ಬಾಯಿ.

10 ಏಪ್ರಿಲ್, ಶನಿವಾರ

ಶಮಶಾದ ಬರಿಗೈಯಲ್ಲಿ ಬಂದಳು. ಫಕ್ರುನ್ನಿಸಾ ಮೇಡಂ ಮಾತ್ರ ದಿನಾ ಬರೆಯುತ್ತಾರಂತೆ, ಸೊಲ್ಲಾಪುರ ಗೊತ್ತಿದ್ದವರಿಗೆಲ್ಲ ಬೇರೆ ಬೇರೆ ಕೇಳುತ್ತಿದ್ದಾರಂತೆ. ಸಿಡ್ನಿಯವನೂ ಎಲ್ಲೋ ಕೇಳಿದ್ದಾನೆ. ನೋಡದ ಜನ.

ಮಾಮಾನಿಂದ ಉತ್ತರವಿಲ್ಲ.

ತವರಿಗೆ ಹೋಗಿ ಕೂತುಬಿಡಲೇ ಅಂದೆ ಶಮಶಾದಳಿಗೆ. ಬರೆಯುವಾಗ ನಗು ಬರುತ್ತದೆ. ಸಂಜೆಯ ಬಸ್ಸಿಗೆ ಹತ್ತಿಸುವ ತವರು.

17 ಏಪ್ರಿಲ್, ಶನಿವಾರ. ಮಧ್ಯಾಹ್ನ 3

ಮನೆ ತುಂಬ ಬೀಗರು. ಅವ್ವ ಬಂದಿದ್ದಾಳೆ, ನನ್ನನ್ನು ಒಂಟಿಯಾಗಿ ಸಿಗಗೊಡುವುದಿಲ್ಲ. ಮಾಮಾ ಬಂದಿದ್ದಾರೆ, ಶಾಂತುವಿನ ಕಿವಿಗೆ ಬಂಗಾರದ ಮುರುವು ತಂದಿದ್ದಾರೆ. ಕಿವಿ ಚುಚ್ಚುವಾಗ ಕೂಸು ಸೋದರಮಾವನ ತೊಡೆಯ ಮೇಲೆ ಕೂಡಬೇಕು. ನನಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಅವ್ವನ ತಮ್ಮನೇ ಕೂಡಬೇಕು. ಮೂರನೇ ಬಸವಂತರಾಯನ ತೊಡೆ.

ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಹಿಡಿದೆ. ಕಾಗದ ಮುಟ್ಟಿತೇ? ಮುಟ್ಟಿತು. ತಮ್ಮ ಹೆಸರಿನವರು ಹೇಗೆ ಸತ್ತರು ಎಂದು ಗೊತ್ತೇ? ನೀರು ಸುರಿದುಕೊಳ್ಳುತ್ತಲೇ ಇದ್ದರು. ಮೊದಲನೆಯವನು ಕಿವಿ ಚುಚ್ಚುವ ಪತ್ತಾರನ ಸೂಜಿ ತಾಗಿದ ಮೂರನೇ ದಿನಕ್ಕೆ. ಎರಡನೆಯವನು ಬಿದ್ದು ನಾಲಿಗೆ ಕಚ್ಚಿಕೊಂಡು. ಸುಮ್ಮನೆ ಹೇಳಿದರು, ಮಳೆಯ ಸುದ್ದಿ ಹೇಳುವ ಹಾಗೆ. ಹಾಗಾದರೆ ಒಳಗೆ ಬಂದು ಅತ್ತೆಗೆ ಇದೇ ಮಾತು ಹೇಳಿ ಅಂದೆ.

"ಮೇ ಒಂಬತ್ತು ದಾಟ್ಲಿ ಬೇ. ಹತ್ತಕ್ಕ ಬೇಕಾದ್ರ ಊರಾಗ ಡಂಗುರ ಹೊಡಸ್ತೇನಿ."

ನಾಳೆ ಹದಿನೆಂಟು ಮಾಮಾ.

"ನನಗೇನೂ ಆಗ್ಲಿಲ್ಲಲ್ಲ" ಅಂದರು. ಕಿವಿಯ ಕಡಕು ಮುಟ್ಟಿ ತೋರಿಸಿದರು. ಆಮೇಲೆ ನನ್ನ ಸೆರಗಿಗೇ ಕೈ ಒರೆಸಿಕೊಂಡು ಹೋದರು, ನಾನು ಚಿಕ್ಕವಳಿದ್ದಾಗ ನನ್ನ ಲಂಗಕ್ಕೆ ಒರೆಸುತ್ತಿದ್ದ ಹಾಗೆ.

ಅದೇ ದಿನ. ಸಂಜೆ 6-40

ಸಿಕ್ಕಿದ್ದಾರೆ.

ಶಮಶಾದ ಪ್ರಿಂಟ್ ಹಿಡಿದು ಬಂದಿದ್ದಾಳೆ. ಸೊಲ್ಲಾಪುರದ ರುಕ್ಮಿಣಿಬಾಯಿ, ಸಾಬವ್ವನ ಮಗಳ ಮಗಳು. ಮೇಡಂ ಕೇಳಿದವರಲ್ಲಿ ಯಾರೋ ತೋರಿಸಿದರಂತೆ. ಅವರ ಮನೆಯಲ್ಲೇ ಇರುವ ತಮ್ಮನಿಗೆ ಮೂವತ್ತೊಂದು ವರ್ಷ, ಅದೇ ರೋಗ, ಮುಂಬಯಿಯಲ್ಲಿ ಟ್ರೀಟ್‌ಮೆಂಟ್, ಬಲ ಮೊಣಕಾಲು ಮಡಚುವುದಿಲ್ಲ. ಬದುಕಿದ್ದಾನೆ. ಕರಜಗಿಯ ಮೊದಲ ಬಸವಂತನ ಕಥೆಯನ್ನು ಅವರ ಅಜ್ಜಿ ಹೇಳುತ್ತಿದ್ದರಂತೆ. ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ನಮಗೆ ಮುಚ್ಚಿಡುವುದು ಏನೂ ಉಳಿದಿಲ್ಲ ಎಂದು ಬರೆದಿದ್ದಾರೆ. ಫೋನ್ ನಂಬರ್ ಬರೆದಿಲ್ಲ. ಎಲ್ಲ ಬರೆದು ನಂಬರ್ ಒಂದು ಬರೆದಿಲ್ಲ.

ಓಡಿ ಹೋಗಿ ಅತ್ತೆಗೆ ಓದಿ ಹೇಳಿದೆ. ಬೀಗರ ಮುಂದೆಯೇ. ಅವ್ವ ಎದ್ದು ಒಳಗೆ ಹೋದಳು. ಅತ್ತೆ ಕಾಗದ ಕೈಗೆ ತೆಗೆದುಕೊಂಡು ತೂತಿನ ಅಂಚು ನೋಡಿದರು, ಶಮಶಾದಳನ್ನು ನೋಡಿದರು.

"ಇಕಿ ಮಿಷಿನ್‌ದಾಗ ಇಕಿನೇ ಹೊಡದು ತಂದಾಳ. ನಾ ಬಾಯಿಲೆ ಅಂದಿದ್ದೆ."

ಹೌದು, ಬಾಯಿಯಲ್ಲೇ ಅಂದಿದ್ದರು.

ಶಮಶಾದ ನಾಳೆ ಬೆಳಿಗ್ಗೆ ಕ್ಲಾಸಿದೆ ಅಂತ ಏಳೂವರೆ ಬಸ್ಸಿಗೆ ವಾಪಸು ಹೋಗುತ್ತಾಳೆ. ಒಂಬತ್ತಕ್ಕೆ ಸೆಂಟರಿನ ಬೀಗ ತೆಗೆಸಿ ಮೇಲ್ ಹಾಕುತ್ತೇನೆ ಅಂದಿದ್ದಾಳೆ. ರುಕ್ಮಿಣಿಬಾಯಿಯ ಮಗ ರಾತ್ರಿ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂಡುತ್ತಾನಂತೆ, ಅಷ್ಟು ಬರೆದಿದ್ದಾರೆ. ನಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ, ಎಸ್‌ಟಿಡಿ ಲಾಕ್. ಒಳಗೆ ಬರುತ್ತದೆ. ಬರಲು ಯಾವ ಲಾಕೂ ಇಲ್ಲ.

ಈ ಪುಟ ಹರಿದು ಕೊಡುತ್ತೇನೆ. ಕೆಳಗಿನದು ಕಳಿಸುವುದು. ಶಮಶಾದ, ಗುಂಪಿನ ಎಲ್ಲರಿಗೂ ಹೋಗಲಿ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡಿ, ಕೆಳಗೆ ಇಂಗ್ಲಿಷಿನಲ್ಲೂ ಬರೆ —

ರುಕ್ಮಿಣಿಬಾಯಿ ಅಕ್ಕಾವ್ರಿಗೆ ಶರಣು. ನಾನು ಗೌರಾಬಾಯಿಯ ಮೊಮ್ಮಗಳು. ನಾಳೆ ಬೆಳಿಗ್ಗೆ ಆರಕ್ಕೆ ಪತ್ತಾರ ಬರುತ್ತಾನೆ, ನನ್ನ ಮಗನ ಕಿವಿ ಚುಚ್ಚಲು. ಇಲ್ಲಿ ನಿಮ್ಮ ಕಾಗದ ನಂಬುವುದಿಲ್ಲ, ನಿಮ್ಮ ದನಿ ನಂಬುತ್ತಾರೆ. ಜೇವರ್ಗಿ, 08442, ನಂಬರು 30618. ಎಷ್ಟು ಹೊತ್ತಾಗಿದ್ದರೂ ಮಾಡಿ, ನಾಳೆಯ ಅಡಿಗೆ ನಡೆದಿದೆ, ಈ ಮನೆ ಇವತ್ತು ಮಲಗುವುದಿಲ್ಲ. ನನ್ನನ್ನು ಕರೆಯಿರಿ ಅನ್ನಬೇಡಿ. ಸುಭದ್ರಾಬಾಯಿ ಅನ್ನಿ, ನನ್ನ ಅತ್ತೆ. ಮೊದಲು ನಿಮ್ಮ ಹೆಸರು ಹೇಳಿ, ಆಮೇಲೆ ನಿಮ್ಮ ತಾಯಿಯ ಹೆಸರು, ಆಮೇಲೆ ಸಾಬವ್ವನ ಹೆಸರು. ಆಮೇಲೆ ತಮ್ಮನ ಕೈಗೆ ಫೋನ್ ಕೊಡಿ, ಅವರು ಮಾತಾಡಲಿ. ಅವರು ಬದುಕಿದ್ದಾರೆ ಅನ್ನುವುದು ಕೇಳಿಸಬೇಕು.

ಗುಂಪಿನಲ್ಲಿ ಇದನ್ನು ಮೊದಲು ಓದಿದವರು ಯಾರಾದರೂ ಆಗಲಿ, ಮೇಡಂ ಆಗಲಿ, ಸಿಡ್ನಿಯವರಾಗಲಿ, ಅಕ್ಕಾವ್ರ ನಂಬರ್ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವರನ್ನು ಎಬ್ಬಿಸಿ. ಹೊತ್ತಾಯಿತು ಅಂತ ಬಿಡಬೇಡಿ. ಒಮ್ಮೆ ಎತ್ತದಿದ್ದರೆ ಮತ್ತೆ ಮಾಡಿ. ಬೇರೆ ಯಾರಾದರೂ ಎತ್ತಿ ರಾಂಗ್ ನಂಬರ್ ಅಂದರೂ ಇಡಬೇಡಿ, ಸುಭದ್ರಾಬಾಯಿ ಬರುವವರೆಗೂ ಹಿಡಿದುಕೊಂಡೇ ಇರಿ. ಆರರ ಒಳಗೆ. ನಿಮ್ಮ ಕಾಲು ಹಿಡಿಯುತ್ತೇನೆ, ಬೆಳಗಾಗುವ ಮೊದಲು ಒಂದು ಫೋನ್ —